ಲಾಗ್‌ಬುಕ್‌ನಲ್ಲಿ ಯಾವ ಗಂಟೆಗಳು ಇರಬೇಕು?

ಮಂಗಳೂರು ಬಜಪೆಯ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇಗೆ ಇಳಿಯುವ ವಿಮಾನ ನೋಡಿ ಪೈಲಟ್ ಆಗಲು ಹೊರಟವರು ಮೊದಲು ಕೇಳುವುದು, ಲೈಸೆನ್ಸಿಗೆ ಬೇಕಾದ 200 ಗಂಟೆ ಹಾರಾಟಕ್ಕೆ ಎಷ್ಟು ಖರ್ಚು ಎಂದು. ಹಾರಾಟದ ಲೆಕ್ಕ ಬರೆದಿಡುವ ಲಾಗ್‌ಬುಕ್‌ನಲ್ಲಿ ಆ 200 ಗಂಟೆಯೊಳಗೆ ಏನಿರಬೇಕು ಎಂದು ಕೇಳುವವರು ಕಡಿಮೆ.

ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಡುವ ಕಮರ್ಷಿಯಲ್ ಲೈಸೆನ್ಸಿಗೆ ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ತಾವೇ ಹೊತ್ತು, ಹಾರಿರಬೇಕು. ಆ ನೂರರಲ್ಲಿ 20 ಗಂಟೆ ಕ್ರಾಸ್ ಕಂಟ್ರಿ, ಅಂದರೆ ಒಂದೂರಿನಿಂದ ಇನ್ನೊಂದೂರಿಗೆ ಹಾರುವುದು. ಅದರಲ್ಲೊಂದು ಹಾರಾಟ 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿ.ಮೀ.ಗೆ ಕಡಿಮೆ ಇರಬಾರದು. ದಾರಿಯಲ್ಲಿ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿದು ಪೂರ್ತಿ ನಿಲ್ಲಿಸಬೇಕು. ಇಳಿದು ನಿಲ್ಲದೆ ಮತ್ತೆ ಏರುವ ಟಚ್ ಆಂಡ್ ಗೋ ಲೆಕ್ಕಕ್ಕಿಲ್ಲ. ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವ ಇನ್‌ಸ್ಟ್ರುಮೆಂಟ್ 10 ಗಂಟೆ, ಅದರಲ್ಲಿ ಸಿಮ್ಯುಲೇಟರ್ 5 ಮೀರುವಂತಿಲ್ಲ. ರಾತ್ರಿ 5 ಗಂಟೆ, ಅದರಲ್ಲಿ 10 ಟೇಕಾಫ್, 10 ಲ್ಯಾಂಡಿಂಗ್.

ಎಡವುವುದು ಹೆಚ್ಚಾಗಿ ತಾರೀಖಿನಲ್ಲಿ. ಕಮಾಂಡ್ ಗಂಟೆಗಳಲ್ಲಿ 15 ಗಂಟೆ, ಅರ್ಜಿ ಹಾಕುವ ಹಿಂದಿನ 6 ತಿಂಗಳೊಳಗಿನವಾಗಿರಬೇಕು. ಮೊದಲೇ ಎಲ್ಲ ಮುಗಿಸಿ ಪರೀಕ್ಷೆಗೆ ಕಾದು ಕೂತವರು ಮತ್ತೆ ಕಾಸು ಕೊಟ್ಟು ಹಾರಬೇಕು. ಹಾಗಾಗಿ ಥಿಯರಿ ಪೇಪರ್ ಮೊದಲು, ರಾತ್ರಿ ಹಾರಾಟ ಕೊನೆಗೆ. ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಕರಾವಳಿಯ ಮೇಲೆ ಸಣ್ಣ ವಿಮಾನ ಹಾರಿಸುವ ಲೆಕ್ಕ ಹಾಕಲೇಬೇಡಿ. ಕ್ರಾಸ್ ಕಂಟ್ರಿಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ.

ಏರ್‌ಲೈನ್ ಗುರಿಯಾದರೆ ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಲೈಸೆನ್ಸಿಗೆ ಸೇರುವ ಹೆಚ್ಚುವರಿ ಅರ್ಹತೆ) ಜೊತೆಗೇ ಮಾಡಿಸಿ. ಎರಡು ಎಂಜಿನ್ನಿನ ಗಂಟೆ ದುಬಾರಿ, ಬರೀ ಸಂಖ್ಯೆ ತುಂಬಿಸಲು ಅದನ್ನು ಬಳಸಬೇಡಿ. ತಕ್ಷಣ ಕೆಲಸ ಸಿಗದಿದ್ದರೆ ಇನ್‌ಸ್ಟ್ರಕ್ಟರ್ ರೇಟಿಂಗ್ ಒಳ್ಳೆಯ ದಾರಿ: ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್ ಲೈಸೆನ್ಸಿಗೆ ಬೇಕಾದ 1500 ಗಂಟೆಯತ್ತ ಸಂಬಳ ಪಡೆದೇ ಸಾಗಬಹುದು.