ಹಸ್ತದ ಮಳೆ ಕಳೆದ ಮೇಲೆ ನಮ್ಮ ಹಿತ್ತಲು

ಹೊಸನಗರ ತಾಲ್ಲೂಕಿನ ನಮ್ಮ ಮನೆಯ ಹಿತ್ತಲಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡುವ ಕೆಲಸವೆಲ್ಲ ನೀರನ್ನು ಹೊರಗೆ ಕಳುಹಿಸುವುದಕ್ಕಾಗಿ. ಅಕ್ಟೋಬರ್‌ನಿಂದ ಮುಂದೆ ಮಾಡುವುದೆಲ್ಲ ನೀರನ್ನು ಉಳಿಸಿಕೊಳ್ಳುವುದಕ್ಕಾಗಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲವಾದರೂ, ಬಿದ್ದಷ್ಟು ಮಳೆ ಮಣ್ಣಿನ ಸಾರವನ್ನು ತೊಳೆದುಕೊಂಡು ಹೋಗುವುದಕ್ಕೆ ಧಾರಾಳವಾಗಿ ಸಾಕು. ಇಂಥ ಊರಿನಲ್ಲಿಯೂ ಫೆಬ್ರುವರಿಯ ಹೊತ್ತಿಗೆ ಬದನೆ ಗಿಡ ಬಾಡಿ ನಿಲ್ಲುತ್ತದೆ ಎಂದರೆ ಬಯಲುಸೀಮೆಯ ನೆಂಟರು ನಂಬುವುದಿಲ್ಲ. ಜಂಬಿಟ್ಟಿಗೆ ಮಣ್ಣಿನ ಇಳಿಜಾರಿನಲ್ಲಿ ನೀರು ನಿಲ್ಲುವುದೇ ಇಲ್ಲ. ಆದ್ದರಿಂದ ಮಳೆಗಾಲದ ಹಿತ್ತಲನ್ನು ಬೇಸಿಗೆಯ ಹಿತ್ತಲನ್ನಾಗಿ ತಿರುಗಿಸುವ ಕೆಲಸಕ್ಕೆ ಇರುವುದು ನವರಾತ್ರಿಯಿಂದ ದೀಪಾವಳಿಯವರೆಗಿನ ಕೆಲವು ವಾರಗಳು ಮಾತ್ರ. ಅತ್ತೆಯವರಿಂದ ಕಲಿತದ್ದಕ್ಕೆ ನನ್ನದೂ ಒಂದಿಷ್ಟನ್ನು ಸೇರಿಸಿ ನಾನು ಈ ಕೆಲಸವನ್ನು ಹೇಗೆ ಮಾಡುತ್ತ ಬಂದಿದ್ದೇನೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವಾಗ ಆರಂಭಿಸಬೇಕೆಂಬುದಕ್ಕೆ ಮಳೆ ನಕ್ಷತ್ರಗಳ ಲೆಕ್ಕವೇ ನನಗೆ ಅನುಕೂಲವಾಗಿ ಕಂಡಿದೆ. ಸೆಪ್ಟೆಂಬರ್ 27ರ ಸುಮಾರಿಗೆ ಹಸ್ತ ಹುಟ್ಟುತ್ತದೆ. ಅದರ ಹಿಂದೆ ಚಿತ್ತೆ, ಅಕ್ಟೋಬರ್ ಕೊನೆಯ ವಾರಕ್ಕೆ ಸ್ವಾತಿ. ಆದರೆ ಪಂಚಾಂಗಕ್ಕಿಂತ ಹೆಚ್ಚಾಗಿ ನಾನು ನೋಡುವುದು ಮಳೆ ಬರುವ ದಿಕ್ಕನ್ನು. ಆಷಾಢ, ಶ್ರಾವಣಗಳ ಮಳೆ ಪಶ್ಚಿಮದ ಘಟ್ಟದ ಕಡೆಯಿಂದ ಹೆಚ್ಚಾಗಿ ಗುಡುಗಿಲ್ಲದೆ, ಹಗಲು ರಾತ್ರಿಯೆನ್ನದೆ ಸುರಿಯುತ್ತದೆ. ಮುಂಗಾರು ಹಿಂದೆ ಸರಿಯತೊಡಗಿದ ಮೇಲೆ ಬೆಳಿಗ್ಗೆಯೆಲ್ಲ ಕಣ್ಣು ಕುಕ್ಕುವ ಬಿಸಿಲಿದ್ದು, ಸಂಜೆ ನಾಲ್ಕರ ಹೊತ್ತಿಗೆ ಪೂರ್ವದಲ್ಲಿ ಮೋಡ ಕಟ್ಟಿ, ಗುಡುಗು ಸಿಡಿಲಿನೊಡನೆ ಒಂದು ಜೋರು ಮಳೆ ಬಂದು ನಿಲ್ಲುತ್ತದೆ. ಹೀಗೆ ಪೂರ್ವದಿಂದ ಮಳೆ ಬರತೊಡಗಿದ ಮೇಲೆಯೇ ಜಗುಲಿಗೆ ಎರಚಲು ಹೊಡೆಯದಂತೆ ಕಟ್ಟಿದ್ದ ಸೋಗೆಯ ತಟ್ಟಿಗಳನ್ನು ಬಿಚ್ಚಿಸುತ್ತೇನೆ, ಹಿತ್ತಲಿನ ಏರಿಗಳಿಗೆ ಗುದ್ದಲಿ ಹಾಕಿಸುತ್ತೇನೆ.

ಮಳೆಗಾಲದಲ್ಲಿ ನಮ್ಮ ತರಕಾರಿಯೆಲ್ಲ ಎತ್ತರದ ಏರಿಗಳ ಮೇಲೆ ಇರುತ್ತದೆ; ನಡುವಿನ ಗಾದಿಗೆಗಳಲ್ಲಿ ನೀರು ಹರಿದು ತೋಟದ ಅಗಳಿಗೆ, ಎಂದರೆ ಬಸಿಗಾಲುವೆಗೆ, ಸೇರುತ್ತದೆ. ಅಕ್ಟೋಬರ್‌ನಲ್ಲಿ ಈ ಏರ್ಪಾಡನ್ನು ಪೂರ್ತಿಯಾಗಿ ಬೋರಲು ಮಾಡಬೇಕು. ಹೀರೆ ಮತ್ತು ಸೌತೆಯ ಮುದಿ ಬಳ್ಳಿಗಳನ್ನು ಕಿತ್ತು, ಬೂದಿರೋಗ ಹಿಡಿದವುಗಳನ್ನು ಸುಟ್ಟು, ಉಳಿದವುಗಳನ್ನು ಗಾದಿಗೆಗೆ ತುಂಬುತ್ತೇನೆ. ಅದರ ಮೇಲೆ ತೋಟದಂಚಿನಿಂದ ಗುಡಿಸಿ ತಂದ ಒಣಗಿದೆಲೆಯ ದರಕು, ಅರೆಕೊಳೆತ ಕೊಟ್ಟಿಗೆ ಗೊಬ್ಬರ, ಕೊನೆಗೆ ಏರಿಯಿಂದಲೇ ಎಳೆದ ಮಣ್ಣು. ಹೀಗೆ ಮುಚ್ಚಿದ ಗಾದಿಗೆಯೇ ಬೇಸಿಗೆಯ ಪಾತಿಯಾಗುತ್ತದೆ. ಸುತ್ತಲಿನ ನೆಲಕ್ಕಿಂತ ಅದು ಒಂದು ಗೇಣು ತಗ್ಗಿನಲ್ಲಿರಬೇಕು. ಒಳಗಿರುವ ದರಕು ಚಿತ್ತೆ, ಸ್ವಾತಿಗಳ ಮಳೆಯನ್ನು ಹೀರಿಕೊಂಡು ನಿಧಾನವಾಗಿ ಕೊಳೆಯುತ್ತದೆ. ಜನವರಿಯಲ್ಲಿ ಇಂಥ ಪಾತಿಗೆ ಕೈ ಹಾಕಿದರೆ ಮೇಲಿನ ಮಣ್ಣು ಒಣಗಿದ್ದರೂ ಕೆಳಗೆ ತಂಪಾಗಿರುವುದು ತಿಳಿಯುತ್ತದೆ.

ಬಚ್ಚಲು ಒಲೆಯ ಬೂದಿಗೆ ಇದು ಒಳ್ಳೆಯ ಕಾಲ. ಮಳೆಗಾಲದಲ್ಲಿ ಬೂದಿ ಹಾಕಿದರೆ ಅದು ಅಗಳಿನ ಪಾಲು. ಮಳೆ ಇಳಿದ ಮೇಲೆ ಹಾಕಿದರೆ ಅದರಲ್ಲಿರುವ ಪೊಟ್ಯಾಶ್ ಬೇರಿಗೆ ಸಿಗುತ್ತದೆ. ಸತತ ಮಳೆಯಿಂದ ಸುಣ್ಣದ ಅಂಶ ತೊಳೆದುಹೋಗಿ ಹುಳಿಯಾದ ಮಣ್ಣು ಬೂದಿಯಿಂದ ಒಂದಿಷ್ಟು ಸರಿಹೋಗುತ್ತದೆ. ಬೂದಿಯನ್ನು ತೆಳುವಾಗಿ ಉದುರಿಸಿ ಮಣ್ಣಿಗೆ ಬೆರೆಸಬೇಕು, ಎಳೆಯ ಸಸಿಯ ಬುಡಕ್ಕೆ ಗುಡ್ಡೆ ಹಾಕಬಾರದು.

ಬಿತ್ತನೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ಹರಿವೆ, ಮೂಲಂಗಿ, ಕೊತ್ತಂಬರಿ, ಅಲಸಂದೆಗಳನ್ನು ನೇರವಾಗಿ ಪಾತಿಗೆ ಬಿತ್ತುತ್ತೇನೆ. ಬದನೆ, ಟೊಮೇಟೊ, ಮೆಣಸಿನ ಸಸಿಗಳನ್ನು ಸೂರಿನಡಿ ಮೊದಲೇ ಎಬ್ಬಿಸಿಕೊಂಡಿರುತ್ತೇನೆ. ಈ ತಿಂಗಳ ಸಂಜೆಮಳೆಯ ಹನಿಗಳು ದಪ್ಪ. ಎರಡೆಲೆಯ ಹರಿವೆಯನ್ನು ಅವು ಮಣ್ಣಿನಲ್ಲಿ ಹೂತುಬಿಡುತ್ತವೆ. ಅದಕ್ಕಾಗಿ ನಾಲ್ಕು ಗೂಟಗಳ ಮೇಲೆ ತೆಂಗಿನ ಗರಿ ಹೊದಿಸಿ, ಮಧ್ಯಾಹ್ನದ ನಂತರ ಮುಚ್ಚಿ ಬೆಳಿಗ್ಗೆ ತೆಗೆಯುತ್ತೇನೆ. ಬಸಳೆಯ ತುಂಡುಗಳನ್ನು ಬಚ್ಚಲು ನೀರು ಹೋಗುವ ಕಡೆ ಊರಿದರೆ ಆಮೇಲೆ ಅದರ ಚಿಂತೆಯಿಲ್ಲ. ಬೀಜಕ್ಕೆಂದು ಬಿಟ್ಟ ಹೀರೆಕಾಯಿ ಬಳ್ಳಿಯಲ್ಲಿಯೇ ಒಣಗಿ ಗಲಗಲ ಅನ್ನುವವರೆಗೆ ಕಾಯುತ್ತೇನೆ. ಸೌತೆಯ ಬೀಜವನ್ನು ತೊಳೆದು ಬೂದಿಯಲ್ಲಿ ಹೊರಳಿಸಿ ನೆರಳಿನಲ್ಲಿ ಒಣಗಿಸುತ್ತೇನೆ. ಮಂಗಗಳಿಂದ ಇವನ್ನು ಕಾಪಾಡುವ ಉಪಾಯವನ್ನು ಮಾತ್ರ ಯಾರೂ ನನ್ನಲ್ಲಿ ಕೇಳಬಾರದು.

ಈ ಕಾಲದಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆಯುವುದು ಡೇರೆ (ಡೇಲಿಯಾ) ಗಿಡಗಳ ಬಳಿಯಲ್ಲಿ. ಮಲೆನಾಡಿನ ಹೆಂಗಸರಿಗೂ ಡೇರೆಗೂ ಇರುವ ನಂಟನ್ನು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಮದುವೆ ಮನೆಯಲ್ಲಿ ಭೇಟಿಯಾದ ಇಬ್ಬರ ಮಾತು ಬಂಗಾರದ ಬೆಲೆಯಿಂದ ಆರಂಭವಾದರೂ ಕೊನೆಗೆ ನಿಲ್ಲುವುದು ಯಾರ ಮನೆಯಲ್ಲಿ ಯಾವ ಬಣ್ಣ ಅರಳಿದೆ ಎಂಬಲ್ಲಿ. ಮೂಲತಃ ಇದು ಮೆಕ್ಸಿಕೋದ ಎತ್ತರದ ಪ್ರದೇಶಗಳ ಗಿಡ. ಅಲ್ಲಿಯೂ ಮಳೆ ಬೀಳುವುದು ಮುಖ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ. ಚಳಿಗಾಲ ಒಣ ಹವೆಯದು, ಆಗ ಗಿಡ ಒಣಗಿ ಗೆಡ್ಡೆ ನೆಲದೊಳಗೆ ಮಲಗುತ್ತದೆ. ನಮ್ಮ ಋತುಮಾನಕ್ಕೆ ಅದು ಇಷ್ಟು ಸುಲಭವಾಗಿ ಒಗ್ಗಿಕೊಂಡದ್ದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ. ಒಂದೇ ವ್ಯತ್ಯಾಸವೆಂದರೆ ನಮ್ಮ ಮಳೆ ಅದಕ್ಕೆ ಅತಿಯಾಗುತ್ತದೆ. ಆದ್ದರಿಂದ ನಾವು ಅದನ್ನು ಕುಂಡದಲ್ಲೋ ಗೊಬ್ಬರದ ಚೀಲದಲ್ಲೋ ನೆಟ್ಟು, ಸೂರಿನ ನೀರು ನೇರವಾಗಿ ಬೀಳದ ಕಡೆ ಇಡುತ್ತೇವೆ.

ಶ್ರಾವಣದಲ್ಲಿ ಅರಳತೊಡಗಿದ ಡೇರೆಯನ್ನು ದೀಪಾವಳಿಯವರೆಗೆ ಎಳೆದುಕೊಂಡು ಹೋಗುವ ಗುಟ್ಟು ಬಾಡಿದ ಹೂಗಳನ್ನು ಕೂಡಲೇ ತೆಗೆಯುವುದರಲ್ಲಿದೆ, ಏಕೆಂದರೆ ಬೀಜ ಕಟ್ಟತೊಡಗಿದ ಗಿಡ ಹೊಸ ಮೊಗ್ಗು ಬಿಡಲು ಅಷ್ಟು ಆಸಕ್ತಿ ತೋರಿಸುವುದಿಲ್ಲ. ಇಲ್ಲಿ ಹೊಸಬರು ತಡಬಡಾಯಿಸುವುದುಂಟು: ದಳ ಉದುರಿದ ಹೂವೂ ಅರಳದ ಮೊಗ್ಗೂ ದೂರಕ್ಕೆ ಒಂದೇ ಥರ ಕಾಣುತ್ತವೆ. ಮೊಗ್ಗು ಗುಂಡಗೆ, ಚಪ್ಪಟೆಯಾಗಿ ಇರುತ್ತದೆ. ಮುಗಿದ ಹೂವು ತುದಿ ಚೂಪಾಗಿ ಉದ್ದಕ್ಕೆ ಇರುತ್ತದೆ, ಹಿಸುಕಿದರೆ ನೀರು ಬರುತ್ತದೆ. ದೊಡ್ಡ ಹೂವು ಬೇಕೆಂದರೆ ಒಂದೇ ತುದಿಯಲ್ಲಿ ಬರುವ ಮೂರು ಮೊಗ್ಗುಗಳಲ್ಲಿ ನಡುವಿನದನ್ನು ಉಳಿಸಿ ಅಕ್ಕಪಕ್ಕದವನ್ನು ಚಿವುಟುತ್ತೇನೆ. ಮಳೆಯಲ್ಲಿ ನೆಂದ ಹೂವಿನ ಭಾರಕ್ಕೆ ಕಾಂಡ ಮುರಿಯುವುದರಿಂದ ಪ್ರತಿ ಗಿಡಕ್ಕೂ ಅಡಿಕೆ ದಬ್ಬೆಯ ಊರುಗೋಲು ಕೊಟ್ಟು, ಬಾಳೆಪಟ್ಟೆಯ ನಾರಿನಿಂದ ಸಡಿಲವಾಗಿ ಕಟ್ಟಿರಬೇಕು.

ಸೆಪ್ಟೆಂಬರ್ 23ರ ನಂತರ ಹಗಲು ಹನ್ನೆರಡು ಗಂಟೆಗಿಂತ ಕಿರಿದಾಗುತ್ತ ಹೋಗುತ್ತದೆ. ಹಗಲು ಕುಗ್ಗಿದಂತೆ ಡೇರೆ ತನ್ನ ಆಹಾರವನ್ನು ಗೆಡ್ಡೆಯತ್ತ ಇಳಿಸುತ್ತದೆ. ಅದೇ ಹೊತ್ತಿಗೆ ಸೇವಂತಿಗೆ ಮೊಗ್ಗು ಕಟ್ಟುತ್ತದೆ. ಆದ್ದರಿಂದ ಅಕ್ಟೋಬರ್‌ನಲ್ಲಿ ಹೂವು ಸಣ್ಣದಾಯಿತೆಂದು ಡೇರೆಗೆ ಸಗಣಿನೀರು ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಆಗ ಎಲೆ ಕೊಬ್ಬುತ್ತದೆ, ಗೆಡ್ಡೆ ನೀರುನೀರಾಗುತ್ತದೆ. ಒಂದು ಹಿಡಿ ಬೂದಿ ಕೊಟ್ಟು ಸುಮ್ಮನಿರುವುದೇ ಸರಿ.

ಎಲೆಗಳೆಲ್ಲ ಹಳದಿಯಾಗಿ ಒಣಗಿದ ಮೇಲೆ, ನಮ್ಮಲ್ಲಿ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಕಾಂಡವನ್ನು ಒಂದು ಗೇಣು ಬಿಟ್ಟು ಕತ್ತರಿಸುತ್ತೇನೆ. ಡೇರೆಯ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ಮೇಲೆ ಅಕಾಲದ ಮಳೆಯೊಂದು ಬಿದ್ದರೆ ನೀರು ಒಳಗಿಳಿದು ಬುಡವನ್ನೇ ಕೊಳೆಯಿಸುತ್ತದೆ. ಒಂದು ಉಂಡೆ ಹಸಿ ಜೇಡಿಮಣ್ಣನ್ನು ಬಾಯಿಗೆ ಒತ್ತಿದರೆ ಸಾಕು. ಕೆಲವರು ಗೆಡ್ಡೆಯನ್ನು ಎತ್ತದೆ, ಕುಂಡವನ್ನು ಮಗ್ಗುಲಾಗಿ ಮಲಗಿಸಿ ಮುಂದಿನ ಮಳೆಗಾಲದವರೆಗೆ ಬಿಡುತ್ತಾರೆ, ಅದೂ ಸರಿಯೇ. ನಾನು ಎತ್ತುವುದು ಹಂಚುವುದಕ್ಕೋಸ್ಕರ. ಪಕ್ಕದ ಮನೆಯ ಅಕ್ಕ ಹೂವು ಅರಳಿದ ದಿನವೇ ಬೇಲಿಯಾಚೆಯಿಂದ ಹೇಳಿಟ್ಟಿರುತ್ತಾರೆ: “ಆ ನೇರಳೆ ಬಣ್ಣದ್ದು ಎತ್ತಿದಾಗ ನಂಗೊಂದು ಗೆಡ್ಡೆ ತೆಗೆದಿಡು ಮಾರಾಯ್ತಿ, ಮರೀಬೇಡ.” ಕೊಡುವಾಗ ಒಂದು ವಿಷಯ ನೆನಪಿಡಬೇಕು. ಆಲೂಗೆಡ್ಡೆಯ ಮೈಯೆಲ್ಲ ಕಣ್ಣಿರುತ್ತದೆ, ಡೇರೆಯ ಗೆಡ್ಡೆಗೆ ಇರುವುದಿಲ್ಲ. ಅದರ ಕಣ್ಣು ಕಾಂಡದ ಬುಡದಲ್ಲಿ ಮಾತ್ರ ಇರುವುದರಿಂದ, ಬುಡದ ಚೂರಿಲ್ಲದೆ ಮುರಿದುಕೊಟ್ಟ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ. ಹೀಗಾಗಿ ಇಡೀ ಗೊಂಚಲನ್ನು ಮಣ್ಣು ಕೊಡವಿ, ತೊಳೆಯದೆ, ನೆರಳಿನಲ್ಲಿ ಆರಿಸಿ, ಒಣ ಮರಳಿನ ಬುಟ್ಟಿಯಲ್ಲಿಟ್ಟು, ಬೇಸಿಗೆಯ ಕೊನೆಯಲ್ಲಿ ಕಣ್ಣು ಉಬ್ಬಿ ಕಂಡ ಮೇಲೆಯೇ ಕತ್ತಿಯಿಂದ ಬಿಡಿಸುತ್ತೇನೆ. ಬಣ್ಣದ ಹೆಸರನ್ನು ಅಡಿಕೆ ಹಾಳೆಯ ಚೂರಿನ ಮೇಲೆ ಬರೆದು ಅಂದೇ ಕಟ್ಟದಿದ್ದರೆ ಗೆಡ್ಡೆ ನೋಡಿ ಬಣ್ಣ ಹೇಳುವವರು ಯಾರೂ ಇಲ್ಲ.

ಈ ಕೆಲಸಗಳ ನಡುವೆ ಆಶ್ವಯುಜದ ಭೂಮಿ ಹುಣ್ಣಿಮೆ ಬರುತ್ತದೆ. ಗಬ್ಬವಾದ ಗದ್ದೆಗೆ ಬಯಕೆಯ ಊಟ ಬಡಿಸುವ ಹಬ್ಬವಾದ್ದರಿಂದ ಹಿಂದಿನ ದಿನವೇ ಹಿತ್ತಲು, ಬೇಲಿ, ಬ್ಯಾಣಗಳಲ್ಲಿ (ಹುಲ್ಲುಗಾವಲುಗಳಲ್ಲಿ) ಸಿಗುವ ಬಗೆಬಗೆಯ ಸೊಪ್ಪುಗಳನ್ನು ಕೊಯ್ದು ತಂದು, ರಾತ್ರಿಯಿಡೀ ಅಡುಗೆ ಮಾಡಿ, ಬೆಳಕು ಹರಿಯುವ ಮೊದಲೇ ಆ ಅಡುಗೆ ತುಂಬಿದ ಭೂಮಣ್ಣಿ ಬುಟ್ಟಿಯನ್ನು ಗದ್ದೆಗೆ ಹೊರಬೇಕು. ಹಬ್ಬಕ್ಕೆ ಬೇಕಾಗುವ ಕೆಸು, ಹೀರೆ, ಕುಂಬಳಗಳಿಗಾಗಿ ಕೊನೆಯ ಒಂದೆರಡು ಬಳ್ಳಿಗಳನ್ನು ಅಲ್ಲಿಯವರೆಗೆ ಕೀಳುವುದಿಲ್ಲ. ಬಲಿತ ಸೌತೆಕಾಯಿಗಳನ್ನು ಬಾಳೆಪಟ್ಟೆಯಿಂದ ಕಟ್ಟಿ ಅಡುಗೆಮನೆಯ ಜಂತಿಗೆ ತೂಗುಹಾಕುತ್ತೇನೆ. ದೀಪಾವಳಿಯ ಕಡುಬಿಗೆ ಅವೇ ಆಗುತ್ತವೆ, ಉಳಿದವು ತಿಂಗಳುಗಟ್ಟಲೆ ಕೆಡದೆ ಹುಳಿಗೆ ಒದಗುತ್ತವೆ. ಚೆಂಡುಹೂವು ಗೋಪೂಜೆಯ ಹಾರಕ್ಕೆ ಮೀಸಲು.

ದೀಪಾವಳಿಗೆ ಮೊದಲು ಇದೆಲ್ಲ ಮುಗಿಯಬೇಕೆನ್ನುವುದಕ್ಕೆ ಕಾರಣ ಅಡಿಕೆ. ಅಡಿಕೆ ಗೊನೆ ಕೊಯ್ಯುವ ಕೊನೆಕೊಯ್ಲು ಆರಂಭವಾಯಿತೆಂದರೆ ಅಂಗಳದ ಪಾಚಿ ಕೆತ್ತಿ, ಸಗಣಿ ಬಳಿದು, ಅಟ್ಟ ಕಟ್ಟಿ, ಸುಲಿಯುವವರಿಗೆ ಕಾಫಿ ತಿಂಡಿ ಒದಗಿಸುವುದರಲ್ಲಿಯೇ ದಿನ ಮುಗಿಯುತ್ತದೆ. ಹಿತ್ತಲಿಗೆ ಗುದ್ದಲಿ ಹಿಡಿಯಲು ಆಳು ಸಿಗುವುದಿಲ್ಲ, ಸಿಕ್ಕರೂ ಮನೆಯವರು ಬಿಡುವುದಿಲ್ಲ. ಆಗ ನನಗೆ ಉಳಿಯುವುದು ನೀರುಣಿಸುವ ಕೆಲಸ ಮಾತ್ರ. ಸ್ವಾತಿ ಮಳೆ ಚೆನ್ನಾಗಿ ಆದ ವರ್ಷ ಪಾತಿಗಳ ತೇವ ನವೆಂಬರ್ ಕೊನೆಯವರೆಗೂ ಸಾಗಿಸುತ್ತದೆ. ಕೈಕೊಟ್ಟ ವರ್ಷ ದೀಪಾವಳಿಯ ಮರುವಾರದಿಂದಲೇ ಗುಡ್ಡದಿಂದ ಹರಿದು ಬರುವ ಅಬ್ಬಿ ನೀರನ್ನು ಒಂದು ದಿನ ತರಕಾರಿಗೆ, ಒಂದು ದಿನ ಹೂವಿಗೆ ಎಂದು ತಿರುಗಿಸಬೇಕಾಗುತ್ತದೆ.