ಇಟ್ಟಿಗೆ ತೊಟ್ಟಿಯ ತಂಪು

ಮಾರ್ಚ್ ಬಂತೆಂದರೆ ನಮ್ಮ ಚಿಂತಾಮಣಿ ಕಡೆ ಕಿತ್ತ ಕೊತ್ತಂಬರಿ ಸೊಪ್ಪು ಎರಡೇ ಗಂಟೆಗೆ ಬಾಡುತ್ತದೆ. ಮಾರನೇ ದಿನದವರೆಗಾದರೂ ಉಳಿಸಿಕೊಳ್ಳೋಣ ಅಂತ ಹುಣಸೆಮರದ ನೆರಳಲ್ಲಿ ಒಂದು ಇಟ್ಟಿಗೆ ತೊಟ್ಟಿ ಕಟ್ಟಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ರೂಪಿಸಿದ ಮಾದರಿ ಇದು. ಎರಡು ಸುತ್ತು ಗೋಡೆ, ನಡುವೆ ಮೂರು ಇಂಚು ಸಂದು, ಸಂದಿನ ತುಂಬ ಮರಳು. ಮೇಲೆ ಒದ್ದೆ ಗೋಣಿ ಹೊದಿಸಿದ ಬಿದಿರು ತಟ್ಟಿ. ಬೆಳಿಗ್ಗೆ, ಸಂಜೆ ಮರಳಿಗೆ ನೀರು. ಅಷ್ಟೇ.

"ಕರೆಂಟಿಲ್ಲ, ಐಸಿಲ್ಲ, ತಂಪು ಎಲ್ಲಿಂದ ಬರುತ್ತೋ?" ಅಂತ ಅಪ್ಪ ನಕ್ಕರು. ಮೊದಲ ಸಲ ಅವರೇ ಗೆದ್ದರು. ನಮ್ಮ ಬೋರ್‌ನಲ್ಲಿ ನೀರು ಕಡಿಮೆ ಅಲ್ವಾ, ಸುಮ್ನೆ ಆರಿಹೋಗದಿರಲಿ ಅಂತ ನಾನು ತೊಟ್ಟಿ ಸುತ್ತ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದೆ. ಮರುದಿನ ಬಿಚ್ಚಿದರೆ ಹಾಳೆಯ ಒಳಮೈಯೆಲ್ಲ ಹನಿ. ಥರ್ಮಾಮೀಟರ್‌ನಲ್ಲಿ 32 ಡಿಗ್ರಿ. ಸೊಪ್ಪು ಹಳದಿ, ಬುಡವೆಲ್ಲ ಲೋಳೆ.

ನೀರಿದ್ದರೆ ಸಾಲದು, ಅದು ಹಾರಬೇಕು ಅನ್ನೋದು ಆಗ ತಲೆಗೆ ಹೋಯಿತು. ನೀರಿನ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಿಕೊಂಡು ಗಾಳಿಗೆ ಸೇರಲು ಶಾಖ ಬೇಕು. ಅದನ್ನು ಮರಳಿನಿಂದ, ಇಟ್ಟಿಗೆಯಿಂದಲೇ ಎಳೆದುಕೊಳ್ಳುತ್ತವೆ. ಪಿಯುಸಿಯಲ್ಲಿ ಗುಪ್ತ ಶಾಖ ಅಂತ ಬಾಯಿಪಾಠ ಮಾಡಿದ್ದು ಇದನ್ನೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 4.2 ಕಿಲೋಜೌಲ್ ಸಾಕು. ಅದೇ ನೀರು 30 ಡಿಗ್ರಿಯಲ್ಲಿ ಪೂರ್ತಿ ಆವಿಯಾಗಲು ಸುಮಾರು 2,430 ಬೇಕು. ಏಳು ಕೆಜಿ ಐಸ್ ಕರಗುವಾಗ ಹೀರುವಷ್ಟು! ಅಪ್ಪನಿಗೆ ಈ ಲೆಕ್ಕವೆಲ್ಲ ಹೇಳಿದೆ. "ಮಡಕೆ ನೀರಿನ ಹಾಗೆ ಅನ್ನು" ಅಂದರು. ಹೌದು, ಅದೇ.

ಹಾಳೆಯೊಳಗೆ ಹಾರಿದ ಅಣುಗಳಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ತಿರುಗಿ ಹನಿಯಾಗಿ, ಹೀರಿದ ಶಾಖವನ್ನು ವಾಪಸ್ ಕೊಟ್ಟಿದ್ದವು. ಹಾಳೆ ಕಿತ್ತೆಸೆದೆ. ಮೂರನೇ ದಿನ ಮಧ್ಯಾಹ್ನ ಹೊರಗೆ 35, ಒಳಗೆ 25. ಸೊಪ್ಪು ಎರಡು ದಿನ ಹಸಿರಾಗೇ ಇತ್ತು.

ಒಂದೇ ಕಿರಿಕಿರಿ ಅಂದರೆ ನಮ್ಮ ಬೋರ್ ನೀರು ಗಡಸು. ನೀರು ಹಾರಿಹೋಗುತ್ತದೆ, ಸುಣ್ಣ ಉಳಿಯುತ್ತದೆ. ಇಟ್ಟಿಗೆ ಮೇಲೆ ಬಿಳಿ ಪೊರೆ ಕಟ್ಟಿ ಸಣ್ಣ ತೂತುಗಳು ಮುಚ್ಚಿಕೊಳ್ಳುತ್ತವೆ. ತಿಂಗಳಿಗೊಮ್ಮೆ ತೆಂಗಿನ ನಾರಲ್ಲಿ ಉಜ್ಜುತ್ತೇನೆ. ನೀವು ಕಟ್ಟುವುದಾದರೆ ಗೋಡೆಗೆ ಸಿಮೆಂಟ್ ಬಳಿಯಬೇಡಿ, ಅದೂ ಪ್ಲಾಸ್ಟಿಕ್ ಹಾಳೆಯ ಕೆಲಸವನ್ನೇ ಮಾಡುತ್ತದೆ.

ಜುಲೈನಲ್ಲಿ ಗಾಳಿಯಲ್ಲೇ ತೇವ ಜಾಸ್ತಿ. ಎರಡು ಡಿಗ್ರಿ ಇಳಿದರೆ ಹೆಚ್ಚು. ಆಗ ನೀರು ಹಾಕುವುದೇ ಇಲ್ಲ. ಒಣಗಿದ ತೊಟ್ಟಿಯಲ್ಲಿ ಅಮ್ಮನ ಕೋಳಿ ಕಾವಿಗೆ ಕೂರುತ್ತದೆ.