ಹಳೆಯ ಕಂಪ್ಯೂಟರ್‌ಗೆ ಇನ್ನೊಂದು ರ‍್ಯಾಮ್: ಎರಡೂ ಹೊಂದದಿದ್ದರೆ ದೋಷ ಹುಡುಕುವುದು ಹೇಗೆ?

ರಾಯಚೂರಿನ ಹತ್ತಿ ಜಿನ್ನಿಂಗ್ ಮಿಲ್‌ಗಳ ಲೆಕ್ಕದ ಕೋಣೆಗಳಲ್ಲಿ, ಸಿಂಧನೂರು, ಮಾನ್ವಿಯ ಅಕ್ಕಿ ಗಿರಣಿಗಳಲ್ಲಿ, ತಹಶೀಲ್ದಾರ್ ಕಚೇರಿಯ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ಹತ್ತು ಹನ್ನೆರಡು ವರ್ಷ ಹಳೆಯ ಡೆಸ್ಕ್‌ಟಾಪ್‌ಗಳು ಇಂದಿಗೂ ದುಡಿಯುತ್ತಿವೆ. ನುಡಿ ಮತ್ತು ಟ್ಯಾಲಿಗೆ 2 ಜಿಬಿ ರ‍್ಯಾಮ್ ಹೇಗೋ ಸಾಲುತ್ತದೆ. ಬ್ರೌಸರ್ ತೆರೆದು ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ತುಂಬಲು ಕುಳಿತಾಗ ಯಂತ್ರ ನಿಂತೇ ಹೋಗುತ್ತದೆ. ಆಗ ಮಾಲೀಕರು ಸೆಕೆಂಡ್ ಹ್ಯಾಂಡ್ ಅಂಗಡಿಯಿಂದ 4 ಜಿಬಿಯ ಇನ್ನೊಂದು ರ‍್ಯಾಮ್ ತಂದು ಖಾಲಿ ಸ್ಲಾಟ್‌ಗೆ ಹಾಕಿಸುತ್ತಾರೆ. ಅಲ್ಲಿಂದ ಹೊಸ ತೊಂದರೆ ಶುರುವಾಗುವುದುಂಟು. ಇಂಥ ಸಂದರ್ಭದಲ್ಲಿ ಮದರ್‌ಬೋರ್ಡ್ ಕೆಟ್ಟಿದೆ ಎಂದು ಆತುರದಿಂದ ತೀರ್ಮಾನಿಸಬಾರದು. ಕ್ರಮವಾಗಿ ಪರೀಕ್ಷಿಸಿದರೆ ಕಾರಣ ಬಹುತೇಕ ಮನೆಯಲ್ಲಿಯೇ ಸಿಗುತ್ತದೆ.

ಮೊದಲು ಲಕ್ಷಣವನ್ನು ಗುರುತಿಸಿ

ಹೊಂದದ ರ‍್ಯಾಮ್ ಮೂರು ಬಗೆಯಲ್ಲಿ ತೊಂದರೆ ಕೊಡುತ್ತದೆ. ಪರದೆಯಲ್ಲಿ ಏನೂ ಮೂಡದೆ ಯಂತ್ರ ಬೀಪ್ ಬೀಪ್ ಎನ್ನುವುದು ಒಂದು ಬಗೆ. ಯಂತ್ರ ಚಾಲೂ ಆದರೂ ಹೊಸ ರ‍್ಯಾಮ್ ಲೆಕ್ಕಕ್ಕೇ ಬಾರದಿರುವುದು ಅಥವಾ ಅದರ ಅರ್ಧ ಮಾತ್ರ ಕಾಣಿಸುವುದು ಎರಡನೆಯದು. ಎಲ್ಲವೂ ಸರಿಯಾಗಿ ಕಾಣಿಸಿ, ಒಂದೆರಡು ಗಂಟೆ ಕೆಲಸ ಮಾಡಿದ ಮೇಲೆ ನೀಲಿ ಪರದೆ ಬರುವುದು ಅಥವಾ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗುವುದು ಮೂರನೆಯದು. ಈ ಮೂರನೆಯದೇ ಎಲ್ಲಕ್ಕಿಂತ ಅಪಾಯಕಾರಿ, ಏಕೆಂದರೆ ರ‍್ಯಾಮ್‌ನಲ್ಲಿ ತಪ್ಪಾಗಿ ಕುಳಿತ ಅಂಕಿಯೇ ಡಿಸ್ಕ್‌ಗೂ ಹೋಗಿ ಸೇರುತ್ತದೆ. ವರ್ಷದ ಲೆಕ್ಕದ ಫೈಲ್ ಕೆಟ್ಟಿರುವುದು ಎಷ್ಟೋ ದಿನಗಳ ನಂತರ ಗೊತ್ತಾಗುತ್ತದೆ. ಆದ್ದರಿಂದ ಅನುಮಾನ ಬಂದ ಕ್ಷಣವೇ ಹೊಸ ರ‍್ಯಾಮ್ ತೆಗೆದಿಟ್ಟು, ಹಳೆಯದೊಂದರಲ್ಲೇ ಯಂತ್ರವನ್ನು ಚಾಲೂ ಮಾಡಿ, ಟ್ಯಾಲಿ ಡೇಟಾ ಮತ್ತು ಮುಖ್ಯ ಕಡತಗಳನ್ನು ಪೆನ್‌ಡ್ರೈವ್‌ಗೆ ಬ್ಯಾಕಪ್ ಮಾಡಿಕೊಳ್ಳಬೇಕು. ಉಳಿದ ಕೆಲಸವೆಲ್ಲ ಆಮೇಲೆ.

ಲೇಬಲ್ ಓದುವ ಬಗೆ

ರ‍್ಯಾಮ್ ಪಟ್ಟಿಯ ಮೇಲೆ ಅಂಟಿಸಿದ ಚಿಕ್ಕ ಲೇಬಲ್‌ನಲ್ಲಿ ‘4ಜಿಬಿ 2ಆರ್×8 ಪಿಸಿ3-10600ಯು’ ಎಂಬಂಥ ಸಾಲು ಇರುತ್ತದೆ. ಕೊಳ್ಳುವವರು ಇದರಲ್ಲಿ ಜಿಬಿಯನ್ನಷ್ಟೇ ನೋಡುತ್ತಾರೆ. ತೊಂದರೆಯ ಮೂಲ ಉಳಿದ ಅಕ್ಷರಗಳಲ್ಲಿರುತ್ತದೆ. ‘ಪಿಸಿ3’ ಎಂದರೆ ಡಿಡಿಆರ್3 ಪೀಳಿಗೆಯದು, ‘ಪಿಸಿ2’ ಎಂದರೆ ಅದಕ್ಕಿಂತ ಹಳೆಯ ಡಿಡಿಆರ್2. ಎರಡಕ್ಕೂ 240 ಪಿನ್‌ಗಳೇ ಇದ್ದರೂ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ, ವೋಲ್ಟೇಜ್ ಕೂಡ ಬೇರೆ: ಡಿಡಿಆರ್2ಕ್ಕೆ 1.8, ಡಿಡಿಆರ್3ಕ್ಕೆ 1.5. ಆದ್ದರಿಂದ ಕಚ್ಚು ಕೂಡದ ಪಟ್ಟಿಯನ್ನು ಎಂದಿಗೂ ಒತ್ತಿ ಕೂರಿಸಬಾರದು. 10600 ಎಂಬುದು ಸೆಕೆಂಡಿಗೆ ಸಾಗಬಲ್ಲ ಮೆಗಾಬೈಟ್‌ಗಳ ಲೆಕ್ಕ. ಇದೇ 1333ರ ವೇಗ. 12800 ಎಂದಿದ್ದರೆ ಅದು 1600ರ ವೇಗ. ಕೊನೆಯ ‘ಯು’ ಅಕ್ಷರ ಸಾಮಾನ್ಯ ಡೆಸ್ಕ್‌ಟಾಪ್ ರ‍್ಯಾಮ್ ಎಂಬುದನ್ನು ಸೂಚಿಸುತ್ತದೆ. ಅಲ್ಲಿ ‘ಆರ್’ ಇದ್ದರೆ ಅದು ಸರ್ವರ್‌ನಿಂದ ಕಳಚಿದ ಮಾಲು. ಎಷ್ಟೇ ಅಗ್ಗವಾಗಿ ಸಿಕ್ಕರೂ ಮನೆಯ ಯಂತ್ರದಲ್ಲಿ ಅದು ನಡೆಯುವುದಿಲ್ಲ.

ವೇಗ ಬೇರೆಯಾಗಿದ್ದರೆ ರ‍್ಯಾಮ್ ನಡೆಯುವುದೇ ಇಲ್ಲ ಎಂಬ ಮಾತು ಅಂಗಡಿಗಳಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ. ಪ್ರತಿ ಪಟ್ಟಿಯಲ್ಲೂ ತನ್ನ ವೇಗದ ವಿವರ ಹೊತ್ತ ಸಣ್ಣ ಚಿಪ್ ಒಂದಿರುತ್ತದೆ. ಯಂತ್ರ ಚಾಲೂ ಆಗುವಾಗ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ತಂತ್ರಾಂಶವಾದ ಬಯೋಸ್ ಅದನ್ನು ಓದಿ, ಎರಡರಲ್ಲಿ ನಿಧಾನವಾದದ್ದರ ವೇಗಕ್ಕೇ ಎರಡನ್ನೂ ಇಳಿಸುತ್ತದೆ. 2 ಮತ್ತು 4 ಜಿಬಿ ಎಂಬ ಗಾತ್ರದ ವ್ಯತ್ಯಾಸವೂ ಸಾಮಾನ್ಯವಾಗಿ ಅಡ್ಡಿಯಲ್ಲ.

ನಿಜವಾದ ಅಡ್ಡಿ ಚಿಪ್‌ಗಳ ಸಾಂದ್ರತೆ. ನಮ್ಮ ಕಡೆ ಈಗಲೂ ಸಾಕಷ್ಟು ಉಳಿದಿರುವ ಇಂಟೆಲ್ ಜಿ41 ಚಿಪ್‌ಸೆಟ್‌ನ ಬೋರ್ಡ್‌ಗಳನ್ನೇ ತೆಗೆದುಕೊಳ್ಳಿ. ಒಂದೊಂದು ಚಿಪ್ಪಿನಲ್ಲಿ 2 ಗಿಗಾಬಿಟ್, ಅಂದರೆ 256 ಎಂಬಿವರೆಗೆ ಇದ್ದರೆ ಮಾತ್ರ ಅವು ಗುರುತಿಸುತ್ತವೆ. ಅದಕ್ಕಿಂತ ದಟ್ಟವಾದ ಚಿಪ್ ಅವುಗಳಿಗೆ ಅರ್ಥವಾಗುವುದಿಲ್ಲ. ಈ ಲೆಕ್ಕದಲ್ಲಿ 4 ಜಿಬಿಗೆ ಹದಿನಾರು ಚಿಪ್ ಬೇಕು, ಎಂದರೆ ಪಟ್ಟಿಯ ಎರಡೂ ಬದಿಗೆ ಎಂಟೆಂಟು; ಲೇಬಲ್‌ನ ‘2ಆರ್×8’ ಇದನ್ನೇ ಹೇಳುತ್ತದೆ. ನಂತರ ಬಂದ 4 ಜಿಬಿ ರ‍್ಯಾಮ್‌ಗಳಲ್ಲಿ 512 ಎಂಬಿಯ ಎಂಟೇ ಚಿಪ್‌ಗಳು ಒಂದೇ ಬದಿಗೆ ಇರುತ್ತವೆ ಮತ್ತು ಲೇಬಲ್‌ನಲ್ಲಿ ‘1ಆರ್×8’ ಎಂದಿರುತ್ತದೆ. ಅಂಥದ್ದನ್ನು ಜಿ41 ಬೋರ್ಡ್‌ಗೆ ಹಾಕಿದರೆ ಯಂತ್ರ ಚಾಲೂ ಆಗುವುದಿಲ್ಲ ಅಥವಾ ಅರ್ಧ ಗಾತ್ರವನ್ನಷ್ಟೇ ತೋರಿಸುತ್ತದೆ. ಅದೇ ಪಟ್ಟಿ ಪಕ್ಕದ ಮನೆಯ ಎಚ್61 ಬೋರ್ಡ್‌ನಲ್ಲಿ ಸಲೀಸಾಗಿ ಓಡುವುದರಿಂದ ಅಂಗಡಿಯವರು ‘ಮಾಲು ಚೆನ್ನಾಗಿಯೇ ಇದೆ’ ಎನ್ನುತ್ತಾರೆ. ಅವರು ಹೇಳುವುದೂ ಸುಳ್ಳಲ್ಲ. ಅಂತರ್ಜಾಲದಲ್ಲಿ ಬಹಳ ಅಗ್ಗಕ್ಕೆ ಸಿಗುವ, ಎಎಂಡಿ ಬೋರ್ಡ್‌ಗೆ ಮಾತ್ರ ಎಂದು ಬರೆದ ರ‍್ಯಾಮ್‌ಗಳೂ ಇಂಟೆಲ್ ಬೋರ್ಡ್‌ಗಳಲ್ಲಿ ಹೀಗೆಯೇ ಕೈಕೊಡುತ್ತವೆ.

ಕ್ಯಾಬಿನೆಟ್ ತೆರೆದ ಮೇಲೆ

ತೆರೆಯುವ ಮೊದಲು ಬಯೋಸ್‌ಗೆ ಹೋಗಿ, ಅಲ್ಲಿನ ಪುಟಗಳನ್ನು, ವಿಶೇಷವಾಗಿ ಹಾರ್ಡ್ ಡಿಸ್ಕ್ ಓದುವ ವಿಧಾನ ‘ಐಡಿಇ’ಯಲ್ಲಿದೆಯೋ ‘ಎಎಚ್‌ಸಿಐ’ಯಲ್ಲಿದೆಯೋ ಎಂಬುದನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ. ಮುಂದೆ ಮದರ್‌ಬೋರ್ಡ್‌ನ ನಾಣ್ಯದಂಥ ಬ್ಯಾಟರಿ ತೆಗೆದಾಗ ಈ ಆಯ್ಕೆ ಬದಲಾದರೆ ವಿಂಡೋಸ್ ನೀಲಿ ಪರದೆ ತೋರಿಸುತ್ತದೆ. ಆ ತಪ್ಪು ರ‍್ಯಾಮ್‌ನ ತಲೆಗೆ ಬರುತ್ತದೆ. ನಂತರ ಯಂತ್ರವನ್ನು ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ. ನಮ್ಮ ಭಾಗದ ಒಣ ಹವೆಯಲ್ಲಿ, ಅದರಲ್ಲೂ ನೈಲಾನ್ ಬಟ್ಟೆ ತೊಟ್ಟಿದ್ದರೆ, ಮೈಯಲ್ಲಿ ಸ್ಥಾಯಿ ವಿದ್ಯುತ್ ಸೇರಿಕೊಳ್ಳುತ್ತದೆ. ಆದ್ದರಿಂದ ರ‍್ಯಾಮ್ ಹಿಡಿಯುವ ಮೊದಲು ಪ್ರತಿ ಸಲವೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಬೇಕು.

ಜಿನ್ನಿಂಗ್ ಮಿಲ್‌ನ ಯಂತ್ರಗಳಲ್ಲಿ ಹತ್ತಿಯ ಎಳೆ ಸ್ಲಾಟ್‌ನೊಳಗೇ ಕುಳಿತಿರುತ್ತದೆ, ಅಕ್ಕಿ ಗಿರಣಿಯಲ್ಲಿ ತೌಡಿನ ಹಿಟ್ಟು. ಕ್ಯಾಬಿನೆಟ್ಟನ್ನು ಹೊರಗೆ ಒಯ್ದು, ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಹಿಡಿದು ಬ್ಲೋವರ್‌ನಿಂದ ಊದಿಸಿ. ಪಟ್ಟಿಯ ಚಿನ್ನದ ಬಣ್ಣದ ಪಿನ್‌ಗಳು ಮಸುಕಾಗಿದ್ದರೆ ಬಿಳಿಯ ಮೆದು ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಕೊಡವಿ. ಲೇಪನ ಬಹಳ ತೆಳುವಾದದ್ದು, ಬಲ ಬೇಡ. ಹೊಂದಾಣಿಕೆಯ ದೋಷವೆಂದು ತಂದ ಯಂತ್ರ ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಮರಳಿ ಕೂರಿಸುವಾಗ ಕಚ್ಚು ನೋಡಿಕೊಂಡು ಎರಡೂ ತುದಿಯನ್ನು ಸಮನಾಗಿ ಒತ್ತಿದರೆ ಪಕ್ಕದ ಹಿಡಿಕೆಗಳು ಟಕ್ ಎಂದು ತಾವಾಗಿಯೇ ಮೇಲೇಳಬೇಕು. ಒಂದು ಕಡೆ ಮಾತ್ರ ಎದ್ದರೆ ಪಟ್ಟಿ ಓರೆಯಾಗಿ ಕುಳಿತಿದೆ ಎಂದೇ ಅರ್ಥ.

ಇನ್ನು ಪರೀಕ್ಷೆ. ಹಳೆಯ ರ‍್ಯಾಮ್ ಒಂದನ್ನೇ ಮೊದಲ ಸ್ಲಾಟ್‌ನಲ್ಲಿ ಹಾಕಿ ಚಾಲೂ ಮಾಡಿ. ಆಮೇಲೆ ಅದನ್ನು ತೆಗೆದು, ಅದೇ ಸ್ಲಾಟ್‌ಗೆ ಹೊಸದೊಂದನ್ನೇ ಹಾಕಿ. ಹಳೆಯದು ನಡೆದು ಹೊಸದು ನಡೆಯದಿದ್ದರೆ, ಆ ಪಟ್ಟಿ ಕೆಟ್ಟಿದೆ ಅಥವಾ ಮೇಲೆ ಹೇಳಿದ ಸಾಂದ್ರತೆಯ ತೊಡಕು ಇದೆ. ಬೇರೆ ಬೋರ್ಡ್‌ನಲ್ಲಿ ಹಾಕಿ ನೋಡಿದರೆ ಯಾವುದೆಂದು ತಿಳಿಯುತ್ತದೆ. ಎರಡೂ ನಡೆದರೆ, ಚೆನ್ನಾಗಿರುವ ಒಂದನ್ನು ಎರಡನೆಯ ಸ್ಲಾಟ್‌ಗೆ ಹಾಕಿ; ಅಲ್ಲಿ ನಡೆಯದಿದ್ದರೆ ದೋಷ ಸ್ಲಾಟ್‌ನದು. ಪ್ರತಿ ಬದಲಾವಣೆಗೂ ಮೊದಲು ಕೇಬಲ್ ಕೀಳುವುದನ್ನು ಮರೆಯಬೇಡಿ. ಎರಡನ್ನೂ ಕೂಡಿಸಿದಾಗ ಮಾತ್ರ ಬೀಪ್ ಬಂದರೆ, ಕೇಬಲ್ ಕಿತ್ತು, ಸಿಆರ್2032 ಬ್ಯಾಟರಿಯನ್ನು ಕೆಲವು ನಿಮಿಷ ಹೊರಗಿಟ್ಟು ಮರಳಿ ಹಾಕಿ. ಬಯೋಸ್ ತನ್ನ ಹಳೆಯ ಲೆಕ್ಕವನ್ನು ಬಿಟ್ಟು ಹೊಸದಾಗಿ ಓದುತ್ತದೆ. ಬಳಿಕ ದಿನಾಂಕವನ್ನೂ ಫೋಟೊದಲ್ಲಿರುವ ಆಯ್ಕೆಗಳನ್ನೂ ಸರಿಪಡಿಸಬೇಕು.

ಬಯೋಸ್‌ನಲ್ಲಿ 6 ಜಿಬಿ ಪೂರ್ತಿ ಕಾಣಿಸಿ ವಿಂಡೋಸ್‌ನಲ್ಲಿ ಮೂರೂ ಚಿಲ್ಲರೆ ಮಾತ್ರ ಕಂಡರೆ ರ‍್ಯಾಮ್‌ನಲ್ಲಿ ದೋಷವಿಲ್ಲ. 32 ಬಿಟ್‌ನ ವಿಂಡೋಸ್ 7 ಒಟ್ಟು 4 ಜಿಬಿಗಿಂತ ಹೆಚ್ಚು ಬಳಸುವುದಿಲ್ಲ, ಅದರಲ್ಲೂ ಒಂದಿಷ್ಟು ಭಾಗ ಉಳಿದ ಸಾಧನಗಳಿಗೆ ಹೋಗುತ್ತದೆ. ಇದಕ್ಕೆ 64 ಬಿಟ್ ಆವೃತ್ತಿಯೇ ಪರಿಹಾರ.

ಚಾಲೂ ಆದರೆ ಸಾಲದು

ಎರಡೂ ಕೂಡಿ ನಡೆದ ಮೇಲೆ ಮೆಮ್‌ಟೆಸ್ಟ್86+ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವ್‌ನಿಂದ ಚಾಲೂ ಮಾಡಿ ಕೆಲವು ಗಂಟೆ ಓಡಿಸಬೇಕು. ಅದಿಲ್ಲದಿದ್ದರೆ ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಆದೀತು. ಈ ಪರೀಕ್ಷೆಯನ್ನು ರಾತ್ರಿಯ ತಂಪಿನಲ್ಲಿ ಮಾತ್ರ ಮಾಡಿ ಬಿಡಬೇಡಿ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಬಿಸಿಯಾದಾಗ ಮಾತ್ರ ತಪ್ಪುವ ರ‍್ಯಾಮ್ ಬೆಳಗಿನ ಜಾವ ಪಾಸಾಗಿಬಿಡುತ್ತದೆ. ಪರದೆಯಲ್ಲಿ ಒಂದೇ ಒಂದು ಕೆಂಪು ಸಾಲು ಬಂದರೂ ಆ ಜೋಡಿಯನ್ನು ಲೆಕ್ಕಪತ್ರದ ಯಂತ್ರದಲ್ಲಿ ಇಡಬಾರದು.

ಬೇರೆ ಬೇರೆಯಾಗಿ ಪಾಸಾಗಿ ಕೂಡಿದಾಗ ತಪ್ಪಿದರೆ, ಬಯೋಸ್ ಅವಕಾಶ ಕೊಟ್ಟಲ್ಲಿ ವೇಗವನ್ನು ಒಂದು ಮೆಟ್ಟಿಲು, 1333ರಿಂದ 1066ಕ್ಕೆ, ಇಳಿಸಿ ಮತ್ತೆ ಪರೀಕ್ಷಿಸಿ. ಕಂಪನಿ ಜೋಡಿಸಿದ ಬ್ರಾಂಡೆಡ್ ಯಂತ್ರಗಳಲ್ಲಿ ಈ ಆಯ್ಕೆ ಸಾಮಾನ್ಯವಾಗಿ ಇರುವುದಿಲ್ಲ. ಆಗ ಪಟ್ಟು ಹಿಡಿಯದೆ ಹಳೆಯ 2 ಜಿಬಿಯನ್ನು ತೆಗೆದು 4 ಜಿಬಿ ಒಂದನ್ನೇ ಉಳಿಸುವುದು ಮೇಲು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಎರಡು ಪಟ್ಟಿ ಒಟ್ಟಿಗೆ ದುಡಿದಾಗ ಸಿಗುವ ಜೋಡಿ ಚಾನೆಲ್‌ನ ಲಾಭ ತಪ್ಪಿದರೂ ಟೈಪಿಂಗ್, ಲೆಕ್ಕ, ಬ್ರೌಸಿಂಗ್‌ನಲ್ಲಿ ಆ ವ್ಯತ್ಯಾಸ ಕೈಗೆ ತಿಳಿಯುವಷ್ಟಿಲ್ಲ. ಹೊಸದಾಗಿ ಕೊಳ್ಳುವುದೇ ಆದರೆ ಹಳೆಯ ಪಟ್ಟಿಯನ್ನೂ ಬೋರ್ಡ್‌ನ ಮಾದರಿ ಸಂಖ್ಯೆಯ ಫೋಟೊವನ್ನೂ ಅಂಗಡಿಗೆ ಒಯ್ಯಿರಿ, ಒಂದೇ ಕಂಪನಿಯ ಒಂದೇ ಮಾದರಿಯ ಎರಡನ್ನು ಕೇಳಿ, ಹೊಂದದಿದ್ದರೆ ಬದಲಿಸಿಕೊಡುವುದಾಗಿ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.

ಮೊದಲೇ ತೆಗೆದಿಟ್ಟ ಬ್ಯಾಕಪ್ಪನ್ನು ಕೂಡಲೇ ಅಳಿಸಬೇಡಿ. ತೊಂದರೆಯ ದಿನಗಳಲ್ಲಿ ತೆರೆದು ಉಳಿಸಿದ ಪ್ರತಿಯೊಂದು ಕಡತವನ್ನೂ ತೆರೆದು, ಲೆಕ್ಕದ ಮೊತ್ತಗಳನ್ನು ಕಾಗದದ ಪ್ರತಿಯೊಂದಿಗೆ ತಾಳೆ ನೋಡಿ. ಎಲ್ಲವೂ ಸರಿಯಿದ್ದರೆ ಮಾತ್ರ ಹೊಸ ಬ್ಯಾಕಪ್ ಮಾಡಿ, ಆಮೇಲೆ ಹಳೆಯದನ್ನು ತೆಗೆಯಿರಿ.